ಐದು ನದಿಗಳ ರೋಹು

ಗೆಂಡೆ ಬಳಗದ ರೋಹು ಮೀನು ನಿಂತ ನೀರಿನಲ್ಲಿ ತಾನಾಗಿ ಮೊಟ್ಟೆಯಿಡುವುದಿಲ್ಲ. ಮುಂಗಾರಿಗೆ ನದಿ ಉಕ್ಕಬೇಕು. ಅದಕ್ಕೇ ಮೀನು ಸಾಕುವವರು ಬಹುಕಾಲ ಮರಿಗಳಿಗಾಗಿ ನದಿಯನ್ನೇ ನಂಬಿದ್ದರು. ಗಂಗೆಯಲ್ಲಿ ಬಲೆಯೊಡ್ಡಿ ಹಿಡಿದ ಮರಿಗಳು ಮಣ್ಣಿನ ಮಡಕೆಗಳಲ್ಲಿ ರೈಲು ಹತ್ತಿ ದೂರದೂರಿನ ಕೊಳ ಸೇರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ, ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿದರು. ನದಿಯ ಹಂಗು ತಪ್ಪಿತು.

ತೊಡಕು ಹುಟ್ಟಿದ್ದೂ ಆ ಗೆಲುವಿನಲ್ಲೇ. ಹೆಣ್ಣು ರೋಹು ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಮರಿ ಮಾರುವವರಿಗೆ ಕೆಲವೇ ಜೋಡಿ ಸಾಕು. ಆ ಮರಿಗಳಲ್ಲೇ ಒಂದಿಷ್ಟನ್ನು ಮುಂದಿನ ತಾಯಿಮೀನುಗಳಾಗಿ ಉಳಿಸಿಕೊಂಡರೆ ಒಡಹುಟ್ಟಿದವೇ ಜೋಡಿಯಾಗುತ್ತವೆ; ಈ ಒಳಸಂಕರಣದಿಂದ ತಳಿ ಸೊರಗುತ್ತದೆ. ದೊಡ್ಡವನ್ನು ಮಾರಿ ಸಣ್ಣವನ್ನು ಉಳಿಸಿಕೊಂಡಲ್ಲಂತೂ ನಷ್ಟ ಇಮ್ಮಡಿ. ಬಿತ್ತನೆಗೆಂದು ಜೊಳ್ಳು ತೆನೆ ಎತ್ತಿಡುವ ರಾಗಿ ಬೆಳೆಗಾರರು ಎಲ್ಲಾದರೂ ಇದ್ದಾರೆಯೇ?

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಕರ್ನಾಟಕದ ಮೀನುಮರಿ ಕೇಂದ್ರಗಳನ್ನೇ ಇಟ್ಟುಕೊಂಡು. ವಿಜ್ಞಾನಿಗಳಾದ ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನ, ಹೊರಗಿನ ಮೀನು ಬಾರದೆ ತಮ್ಮೊಳಗೇ ನಡೆಯುತ್ತಿದ್ದ ಕೇಂದ್ರಗಳಲ್ಲಿ ಒಳಸಂಕರಣ ಹೇಗೆ ಏರುತ್ತಿದೆಯೆಂದು ಎಚ್ಚರಿಸಿತು. ನಮ್ಮ ಕೃಷಿ ಚರಿತ್ರೆಯಲ್ಲಿ ಈ ಅಧ್ಯಯನಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು.

ಎರಡು ವರ್ಷಗಳಲ್ಲೇ ಭುವನೇಶ್ವರದ ಬಳಿಯ ಕೌಸಲ್ಯಾಗಂಗಾದಲ್ಲಿ, ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ಸಂಶೋಧನಾ ಸಂಸ್ಥೆ ಅಕ್ವಾಫೋರ್ಸ್ಕ್ ಜೊತೆಗೂಡಿ, ಒಳ್ಳೆಯ ತಳಿ ರೂಪಿಸಲು ಮತ್ತೆ ನದಿಗಿಳಿಯಿತು. ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರ, ಸಟ್ಲೆಜ್ ನದಿಗಳ ರೋಹು ಬಂದವು. ಸಂಸ್ಥೆಯ ಕೊಳದ ಮೀನೂ ಸೇರಿತು. ಒಂದೊಂದು ಜೋಡಿಯ ಮರಿಗಳನ್ನು ಮೊದಲು ಬೇರೆಬೇರೆಯಾಗಿ ಸಾಕಿ, ತಕ್ಕಷ್ಟು ಬೆಳೆದ ಮೇಲೆ ಮೈಯೊಳಗೆ ಪುಟ್ಟ ಎಲೆಕ್ಟ್ರಾನಿಕ್ ಗುರುತು ಇಟ್ಟು, ಎಲ್ಲವನ್ನೂ ಒಂದೇ ಕೊಳಕ್ಕೆ ಬಿಟ್ಟರು. ನೀರು ಒಂದೇ, ಮೇವು ಒಂದೇ. ಹಾಗಾಗಿ ತೂಕದ ವ್ಯತ್ಯಾಸದಲ್ಲಿ ಹುಟ್ಟುಗುಣದ ಪಾಲು ಎಷ್ಟೆಂದು ಅಳೆಯಲು ಬಂತು. ಚೆನ್ನಾಗಿ ಬೆಳೆದ ಮೀನುಗಳನ್ನು, ಅವುಗಳ ಒಡಹುಟ್ಟಿದವುಗಳ ಬೆಳವಣಿಗೆಯನ್ನೂ ನೋಡಿ ಆರಿಸಿದರು; ಹತ್ತಿರದ ಸಂಬಂಧದಲ್ಲಿ ಜೋಡಿ ಕೂಡಿಸಲಿಲ್ಲ. ಪ್ರತಿ ಪೀಳಿಗೆಗೆ ಬೆಳವಣಿಗೆ ಸರಾಸರಿ ಶೇ 17ರಷ್ಟು ಹೆಚ್ಚಿತು. 1997ರಲ್ಲಿ, ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ನೆನಪಿಗೆ, ಈ ತಳಿಗೆ ‘ಜಯಂತಿ’ ಎಂದು ಹೆಸರಿಟ್ಟರು.

ಆದರೆ ಜಯಂತಿಯನ್ನೂ ಕೆಲವೇ ಜೋಡಿಗಳಿಂದ ಬೆಳೆಸುತ್ತ ಹೋದರೆ ಐದು ನದಿಗಳ ವೈವಿಧ್ಯ ಕೆಲವು ಪೀಳಿಗೆಗಳಲ್ಲೇ ಸೊರಗುತ್ತದೆ. ತಾಯಿಮೀನು ಎಲ್ಲಿಂದ ಬಂತು, ಯಾವ ವರ್ಷ ತಂದದ್ದು, ಎಷ್ಟು ಜೋಡಿ ಕೂಡಿಸಿದ್ದು ಎಂಬ ದಾಖಲೆಯ ಪುಸ್ತಕ ಪ್ರತಿ ಮರಿ ಕೇಂದ್ರದಲ್ಲೂ ಇರಬೇಕು. ಮರಿ ಕೊಳ್ಳಲು ಹೋದ ರೈತರು ಸಾವಿರಕ್ಕೆ ಎಷ್ಟು ಎಂದು ಕೇಳುವ ಮೊದಲು ಆ ಪುಸ್ತಕ ತೋರಿಸಿ ಎನ್ನಬೇಕು.