ರಾಯಚೂರಿನ ಗರಸು ದಾರಿಗಳಲ್ಲಿ ಸೈಕಲ್: ಸುಲಭವೋ ಕಷ್ಟವೋ, ಹೇಳುವುದು ಮಣ್ಣು

“ರಾಯಚೂರು ಅಂದ್ರೆ ಬಯಲುಸೀಮೆ, ಎಲ್ಲಾ ಸಪಾಟು. ಇಲ್ಲಿ ಸೈಕಲ್ ಹೊಡೆಯೋಕೆ ಏನು ಕಷ್ಟ?” ಗ್ರಾವೆಲ್ ಬೈಕಿಂಗ್ ಸುದ್ದಿ ತೆಗೆದರೆ ಮೊದಲು ಬರುವ ಮಾತು ಇದೇ. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: 10 ಕಿ.ಮೀ. ದಾರಿ ಹೊಸಬರಿಗೆ, 30 ಕಿ.ಮೀ. ರೂಢಿ ಇದ್ದವರಿಗೆ, 60 ಕಿ.ಮೀ. ಪಳಗಿದವರಿಗೆ. ಎರಡೂ ಅರ್ಧ ಸತ್ಯ. ಈ ಭಾಗದಲ್ಲಿ ದಾರಿಯ ಕಷ್ಟವನ್ನು ತೀರ್ಮಾನಿಸುವುದು ದೂರಕ್ಕಿಂತ ಹೆಚ್ಚಾಗಿ ಟೈರಿನ ಕೆಳಗಿರುವ ಮಣ್ಣು ಮತ್ತು ಆ ಮಣ್ಣು ನೆನೆದು ಎಷ್ಟು ದಿನವಾಯಿತು ಎನ್ನುವುದು. ಜನವರಿಯಲ್ಲಿ ಹೈಸ್ಕೂಲ್ ಹುಡುಗರು ಹರಟುತ್ತಾ ಹೋಗುವ ಬಂಡಿ ದಾರಿ ಆಗಸ್ಟಿನಲ್ಲಿ ಪಳಗಿದ ಸವಾರನ ಹೆಗಲಿಗೇ ಸೈಕಲ್ ಹೊರಿಸುತ್ತದೆ.

ಗ್ರಾವೆಲ್ ಬೈಕಿಂಗ್ ಎಂದರೆ ಡಾಂಬರು ಬಿಟ್ಟು ಗರಸು, ಮರಂ, ಮಣ್ಣಿನ ದಾರಿಗಳಲ್ಲಿ ಸೈಕಲ್ ಓಡಿಸುವುದು. ಅದಕ್ಕೆಂದೇ ಬಾಗಿದ ಹ್ಯಾಂಡಲ್ಲಿನ, ಅಗಲ ಟೈರಿನ ಸೈಕಲ್‌ಗಳು ಬಂದಿವೆ. 2022ರಿಂದ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ. ಹಾಗೆಂದು ದುಬಾರಿ ಸೈಕಲ್ಲೇ ಬೇಕೆಂದೇನೂ ಇಲ್ಲ. ಗ್ರಾವೆಲ್ ಟೈರಿನ ಸಾಮಾನ್ಯ ಅಗಲ 35ರಿಂದ 50 ಮಿ.ಮೀ. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡಿದ ಹಳೆಯ ಕರಿ ಸೈಕಲ್ಲಿನ ಟೈರು ನೋಡಿ, 28 x 1½ ಎಂದು ಬರೆದಿರುತ್ತದೆ. ಒಂದೂವರೆ ಇಂಚು ಎಂದರೆ ಸುಮಾರು 38 ಮಿ.ಮೀ. ಹೆಸರು ಹೊಸದು, ಸವಾರಿ ಹಳೆಯದು. ಹಳೆಯ ಸೈಕಲ್ಲಿಗೆ ಇಲ್ಲದಿರುವುದು ಗೇರು ಮತ್ತು ಒಳ್ಳೆಯ ಬ್ರೇಕು. ಏರು-ಇಳಿಜಾರಿನ ದಾರಿಗೆ ಇವೆರಡೂ ಬೇಕು.

ಮಸಾರಿಯೋ, ಎರೆಯೋ?

ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಈ ದೋಆಬ್ ಪ್ರದೇಶದ ಅಡಿಯಲ್ಲಿ ಇರುವುದು ಗ್ರಾನೈಟ್ ಜಾತಿಯ ಹಳೆಯ ಬಂಡೆ. ಬಂಡೆ ಸವೆದು ಒರಟು ಕಣಗಳು ಉಳಿದ ಎತ್ತರದ ಜಾಗಗಳಲ್ಲಿ ಕೆಂಪು ಮಸಾರಿ ಇರುತ್ತದೆ. ನಯವಾದ ಕಣಗಳು ಹರಿದು ಬಂದು ಕೂತ ತಗ್ಗಿನಲ್ಲಿ ಕಪ್ಪು ಎರೆ. ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೈಕಲ್ ಸವಾರರು ಮಾತ್ರ ಇದನ್ನು ಮರೆತು ಬರೀ ಮ್ಯಾಪ್ ನೋಡಿ ಹೊರಡುತ್ತಾರೆ.

ಮಸಾರಿಯಲ್ಲಿ ಮರಳು, ಗರಸು ಹೆಚ್ಚು. ಮಳೆ ನೀರು ಕಣಗಳ ಸಂದಿಯಲ್ಲಿ ಇಳಿದು ಹೋಗುತ್ತದೆ. ಮಳೆ ನಿಂತ ಕೆಲವೇ ತಾಸುಗಳಲ್ಲಿ ದಾರಿ ಮತ್ತೆ ಗಟ್ಟಿ. ಎರೆಯ ಕಥೆ ಬೇರೆ. ಅದರಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಕಣಗಳಿವೆ. ಇವು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ನೀರು ಹಾಳೆಗಳ ನಡುವೆಯೇ ಹೊಕ್ಕು ಅವುಗಳನ್ನು ದೂರ ಸರಿಸುತ್ತದೆ, ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ಒಣಗುವಾಗ ಅದೇ ಮಣ್ಣು ಕುಗ್ಗಿ ಬಿರಿಯುತ್ತದೆ. ಹಾಗಾಗಿ ಎರೆ ದಾರಿಗೆ ಎರಡು ಅಪಾಯಗಳು. ಮಳೆಗಾಲದಲ್ಲಿ ರಾಡಿ ಟೈರಿಗೆ ಮೆತ್ತಿಕೊಂಡು, ಸುತ್ತಿಗೊಂದು ಪದರ ಸೇರಿಸುತ್ತಾ, ಕೊನೆಗೆ ಫೋರ್ಕಿನ ಸಂದಿಯಲ್ಲಿ ಸಿಕ್ಕಿ ಗಾಲಿಯನ್ನೇ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಧೂಳಿನಡಿ ಮರೆಯಾದ ಉದ್ದನೆಯ ಬಿರುಕು ಮುಂದಿನ ಗಾಲಿಯನ್ನು ಹಿಡಿದು ಸವಾರನನ್ನು ಮುಂದಕ್ಕೆ ಎಸೆಯುತ್ತದೆ.

ಇದು ನಮ್ಮೂರಿನ ಹಿಂದುಳಿದ ರಸ್ತೆಗಳ ಗೋಳು ಎಂದುಕೊಳ್ಳಬೇಡಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ ನಡೆಯುವ ಅನ್‌ಬೌಂಡ್ ಗ್ರಾವೆಲ್ ಈ ಆಟದ ಅತಿ ಹೆಸರಾದ ಸ್ಪರ್ಧೆಗಳಲ್ಲಿ ಒಂದು. 2023ರಲ್ಲಿ ಅಲ್ಲಿ ಶುರುವಿನಲ್ಲೇ ಎದುರಾದ ಅಂಟು ಕೆಸರಿನ ತುಂಡು ದಾರಿಯಲ್ಲಿ ವೃತ್ತಿಪರ ಸವಾರರೂ ಇಳಿದು ಸೈಕಲ್ ಹೊತ್ತು ನಡೆದರು. ಮಣ್ಣು ಕೆರೆಯಲು ಕಟ್ಟಿಗೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡುವುದು ಅಲ್ಲಿ ಮಾಮೂಲು. ನೇಗಿಲಿಗೆ ಮೆತ್ತಿದ ಎರೆ ಕೆರೆಯುವ ನಮ್ಮ ರೈತರಿಗೆ ಇದರಲ್ಲಿ ಹೊಸದೇನೂ ಇಲ್ಲ.

ದಾರಿಯ ಮಣ್ಣು ಯಾವುದೆಂದು ಅನುಮಾನವಿದ್ದರೆ ಒಂದು ಚಿಟಿಕೆ ತೆಗೆದು, ನೀರು ಹಾಕಿ ನಾದಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿಯಂತೆ ಎಳೆಯಿರಿ. ಬೇಗ ಮುರಿದರೆ ಮಸಾರಿ, ಸೈಕಲ್ ಹೊಡೆಯಬಹುದು. ಎರಡು ಇಂಚು ಮುರಿಯದೆ ಬಂದರೆ ಎರೆ. ಮಳೆಯಾಗಿದ್ದರೆ ಎರಡು-ಮೂರು ದಿನ ಒಳ್ಳೆಯ ಬಿಸಿಲು ಬೀಳುವ ತನಕ ಆ ದಾರಿಗೆ ಹೋಗಬೇಡಿ. ಬೆಳೆಯೂ ಸುಳಿವು ಕೊಡುತ್ತದೆ: ಶೇಂಗಾ ಇದ್ದಲ್ಲಿ ಸಾಮಾನ್ಯವಾಗಿ ಮಸಾರಿ, ಹಿಂಗಾರಿ ಜೋಳ ಇದ್ದಲ್ಲಿ ಎರೆ.

ಮೂರು ದಿಕ್ಕು, ಮೂರು ಬಗೆ

ಹೊಸಬರಿಗೆ ರಾಯಚೂರು ನಗರದಿಂದ ಸುಮಾರು 8 ಕಿ.ಮೀ. ದೂರದ ಮಲಿಯಾಬಾದ್ ಕಡೆಯ ದಾರಿ ಒಳ್ಳೆಯದು. ಬಂಡೆಗಳ ನಡುವಿನ ಹಳೆಯ ಕೋಟೆ, ಬಿಳಿ ಗ್ರಾನೈಟಿನಲ್ಲಿ ಕಡೆದ ಆಳೆತ್ತರದ ಆನೆಗಳು ಅಲ್ಲಿವೆ. ಹೋಗಿ ಬರಲು 16–18 ಕಿ.ಮೀ. ಹಳ್ಳಿಯ ಡಾಂಬರು ರಸ್ತೆಯಲ್ಲಿ ಹೋಗಿ, ಕೋಟೆಯ ಆಸುಪಾಸಿನ ಗರಸಿನಲ್ಲಿ ಮಾತ್ರ ಕೈ ಪಳಗಿಸಿಕೊಳ್ಳಿ. ಕಲಿಯಬೇಕಾದ್ದು ಒಂದೇ: ತಿರುವಿಗೆ ಮೊದಲೇ ಬ್ರೇಕ್ ಹಿಡಿಯುವುದು. ತಿರುವಿನ ಮಧ್ಯೆ ಮುಂದಿನ ಬ್ರೇಕ್ ಹಿಡಿದರೆ ಸಡಿಲ ಗರಸು ಗೋಲಿಗಳಂತೆ ಉರುಳುತ್ತದೆ, ಟೈರಿಗೆ ಹಿಡಿತ ಸಿಗುವುದಿಲ್ಲ.

ಸ್ವಲ್ಪ ರೂಢಿಯಾದವರಿಗೆ ಮಾನ್ವಿ ಭಾಗದ ಕಾಲುವೆ ದಾರಿಗಳು. ತುಂಗಭದ್ರಾ ಎಡದಂಡೆ ಕಾಲುವೆ 226 ಕಿ.ಮೀ. ಉದ್ದದ್ದು. ಪಂಪಿಲ್ಲದೆ ನೀರು ತಾನಾಗಿ ಹರಿಯಬೇಕಾದ್ದರಿಂದ ಇಂಥ ಕಾಲುವೆಗಳನ್ನು ತೀರ ಕಡಿಮೆ ಇಳಿಜಾರಿನಲ್ಲಿ ತೋಡುತ್ತಾರೆ. ಸಾಮಾನ್ಯವಾಗಿ ಕಿಲೋಮೀಟರಿಗೆ ಒಂದು ಗೇಣಿನ ಆಸುಪಾಸು. ಪಕ್ಕದ ಏರಿಯೂ ಅಷ್ಟೇ ಸಪಾಟು. “ಎಲ್ಲಾ ಸಪಾಟು” ಎಂಬ ಮಾತು ಜಿಲ್ಲೆಯಲ್ಲಿ ನಿಜಕ್ಕೂ ಒಪ್ಪುವುದು ಇಲ್ಲಿಗೇ. ಏರಿಗೆ ಮರಂ ಹಾಕಿ ಗಟ್ಟಿ ಮಾಡಿದ್ದರೆ ಸವಾರಿ ಸುಖ. ಆದರೆ ಭತ್ತದ ಗದ್ದೆಗಳಿಗೆ ನೀರು ಬಿಟ್ಟಾಗ ಮೋಡವೇ ಇಲ್ಲದ ದಿನವೂ ಪಕ್ಕದ ಎರೆ ದಾರಿ ರಾಡಿಯಾಗಿರುತ್ತದೆ. ಕಬ್ಬಿಣದ ಗಾಲಿಯ ಟ್ರ್ಯಾಕ್ಟರ್ ಅದರ ಮೇಲೆ ಒಮ್ಮೆ ಹಾದರೆ ಮುಗಿಯಿತು. ನೀರು ಬಿಟ್ಟಿದ್ದಾರೆಯೇ, ಏರಿ ಮೇಲೆ ಹೋಗಬಹುದೇ ಎಂದು ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳನ್ನು ಕೇಳಿ. ಯಾವ ಆ್ಯಪ್‌ಗಿಂತಲೂ ಅವರಿಗೇ ಚೆನ್ನಾಗಿ ಗೊತ್ತು.

ಇಲ್ಲಿ ಒಂದು ಎಚ್ಚರ ತಪ್ಪಲೇಬಾರದು. “ಈಜು ಬರುತ್ತದೆ, ಕಾಲುವೆಗೆ ಬಿದ್ದರೂ ಏನಾಗಲ್ಲ” ಎನ್ನುವುದು ಪ್ರಾಣ ತೆಗೆಯುವ ನಂಬಿಕೆ. ಕಾಂಕ್ರೀಟ್ ಹೊದಿಸಿದ ಓರೆ ದಡದಲ್ಲಿ ಪಾಚಿ ಕಟ್ಟಿರುತ್ತದೆ, ಕೈಗೆ ಹಿಡಿಯಲು ಏನೂ ಇರುವುದಿಲ್ಲ, ನೀರಿನ ಸೆಳೆತ ಬೇರೆ. ಈಜು ಬಂದವರೂ ಹತ್ತಲಾರದೆ ಸೋಲುತ್ತಾರೆ. ಏರಿಯ ಮೇಲೆ ನೀರಿನಿಂದ ದೂರದ ಅಂಚಿನಲ್ಲೇ, ಒಬ್ಬರ ಹಿಂದೆ ಒಬ್ಬರು ಹೋಗಿ. ಕತ್ತಲಾದ ಮೇಲೆ ಬೇಡವೇ ಬೇಡ.

ಪಳಗಿದವರಿಗೆ ದೇವದುರ್ಗ. ರಾಯಚೂರಿನಿಂದ ಗಬ್ಬೂರು ದಾಟಿ ಹೋಗುವ ಮುಖ್ಯ ರಸ್ತೆಯಲ್ಲಿ 50 ಕಿ.ಮೀ. ಮೇಲಾಗುತ್ತದೆ. ಹಳೆಯ ಗುಡಿಗಳು, ಶಾಸನಗಳ ಗಬ್ಬೂರಿನಲ್ಲಿ ಒಂದು ತಾಸು ಕಳೆಯಬಹುದು. ಕಷ್ಟವಿರುವುದು ರಸ್ತೆ ಬಿಟ್ಟು ಬಂಡಿ ಜಾಡು ಹಿಡಿದಾಗ: ಒಂದು ತುಂಡು ಎರೆ, ಒಂದು ತುಂಡು ಬಂಡೆಗುಡ್ಡದ ಚೂಪುಗಲ್ಲು, ಹಳ್ಳದಲ್ಲಿ ಸಡಿಲ ಮರಳು. ಮೂರಕ್ಕೂ ಮೂರು ಬಗೆಯ ಸವಾರಿ ಬೇಕು. ನೆರಳು ಕಡಿಮೆ, ಸೈಕಲ್ ಅಂಗಡಿ ಇನ್ನೂ ಕಡಿಮೆ. ಸೈಕಲ್ ತೊಳೆಯಲೆಂದು ಕೃಷ್ಣೆಗೆ ಇಳಿಯಬೇಡಿ, ನದಿಯಲ್ಲಿ ಮೊಸಳೆಗಳಿವೆ.

ಗಾಳಿ, ಮುಳ್ಳು, ಬಿಸಿಲು

ಟೈರು ಕಲ್ಲಿನಂತೆ ಗಟ್ಟಿ ಇದ್ದರೆ ಸೈಕಲ್ ಹಗುರ ಓಡುತ್ತದೆ ಎಂದು ಪಂಪು ಹೊಡೆಯುವವರಿದ್ದಾರೆ. ನುಣುಪು ಡಾಂಬರಿನಲ್ಲಿ ಅದು ಒಂದು ಮಟ್ಟಿಗೆ ಸರಿ. ಗರಸಿನಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆತ್ತುತ್ತದೆ. ನೀವು ತುಳಿದ ಶಕ್ತಿ ಮುಂದೆ ಸಾಗುವ ಬದಲು ಕುಲುಕಾಟದಲ್ಲಿ ಹೋಗುತ್ತದೆ. ಸ್ವಲ್ಪ ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. 40 ಮಿ.ಮೀ. ಟೈರು, 70 ಕಿಲೋ ತೂಕದ ಸವಾರನಾದರೆ 35–45 ಪಿಎಸ್‌ಐ ಸಾಕು. ತೀರ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ನುಜ್ಜಾಗುತ್ತದೆ.

ಪಂಕ್ಚರಿಗೆ ಇಲ್ಲಿ ಮುಖ್ಯ ಕಾರಣ ಬಳ್ಳಾರಿ ಜಾಲಿ ಮತ್ತು ನೆಗ್ಗಿಲು ಮುಳ್ಳು. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ. ಅಲ್ಲೇ ಉಳಿದ ಮುಳ್ಳಿನ ತುದಿ ಎರಡನೇ ಟ್ಯೂಬನ್ನೂ ತಿನ್ನುತ್ತದೆ.

ಬಿಸಿಲಿನ ವಿಷಯದಲ್ಲಿ ಮೋಸ ಮಾಡುವುದು ಗಾಳಿ. ಓಡುತ್ತಿರುವಾಗ ಬೆವರು ಕೂಡಲೇ ಆರುವುದರಿಂದ ಎಷ್ಟು ನೀರು ಹೋಯಿತೆಂದು ತಿಳಿಯುವುದೇ ಇಲ್ಲ. ಏಪ್ರಿಲ್–ಮೇನಲ್ಲಿ ಇಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಸೂರ್ಯ ಹುಟ್ಟುವ ಮೊದಲು ಹೊರಟು ಒಂಬತ್ತರೊಳಗೆ ಮನೆ ಸೇರಿ. ಎರಡು ತಾಸಿಗೆ ಮೀರಿದ ಸವಾರಿಯಲ್ಲಿ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಓಆರ್‌ಎಸ್ ಜೊತೆಗಿರಲಿ. “ಬೆವರು ಬರ್ತಾ ಇದೆ, ಹಾಗಾದ್ರೆ ಬಿಸಿಲಾಘಾತ ಅಲ್ಲ” ಎನ್ನುವುದೂ ತಪ್ಪು. ದುಡಿತದಿಂದ ಬರುವ ಬಿಸಿಲಾಘಾತದಲ್ಲಿ ಮೈ ಬೆವರುತ್ತಲೇ ಇರಬಹುದು. ಜೊತೆಯವರ ಮಾತು ತೊದಲಿದರೆ, ನಡೆ ತಪ್ಪಿದರೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ. ದೇವದುರ್ಗ ರಾಯಚೂರಿನ ಪಶ್ಚಿಮಕ್ಕೆ, ಮಾನ್ವಿ ನೈಋತ್ಯಕ್ಕೆ. ನಗರದಿಂದ ಹೊರಟವರಿಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಕಾಲಲ್ಲಿ ಕಸುವಿರುವಾಗಲೇ ಕಷ್ಟ ಮುಗಿಯುವುದರಿಂದ ಇದು ಲಾಭವೇ. ದೇವದುರ್ಗ, ಮಾನ್ವಿಯವರಿಗೆ ಲೆಕ್ಕ ತಿರುಗುಮುರುಗು: ಸರಾಗವಾಗಿ 20 ಕಿ.ಮೀ. ಬಂದಿದ್ದೇವೆ ಅನ್ನಿಸಿದರೆ, ಅದೇ 20 ಕಿ.ಮೀ. ವಾಪಸು ಹೋಗಲು ಒಂದೂವರೆ ಪಟ್ಟು ಸಮಯ ಇಟ್ಟುಕೊಂಡು ಅಲ್ಲೇ ತಿರುಗಿ.