ಪಟ್ಟಿಯಲ್ಲಿ ಇಲ್ಲದ ವರದಾನ: ಪೆಂತೆಕೋಸ್ತ್ ಹಬ್ಬದ ಚಿಂತನೆ



ಪಾಸ್ಕ ಹಬ್ಬದ ಐವತ್ತನೆಯ ದಿನ ಧರ್ಮಸಭೆ ಪೆಂತೆಕೋಸ್ತ್ ಹಬ್ಬವನ್ನು ಆಚರಿಸುತ್ತದೆ. ಪವಿತ್ರಾತ್ಮರು ಪ್ರೇಷಿತರ ಮೇಲೆ ಇಳಿದುಬಂದ ದಿನ ಇದು ಎಂದು ನಾವೆಲ್ಲರೂ ಬಲ್ಲೆವು. ಆದರೆ ಅದಕ್ಕೂ ಮೊದಲೇ ಯೆಹೂದ್ಯರಿಗೆ ಇದು ಸುಗ್ಗಿಯ ಹಬ್ಬವಾಗಿತ್ತು. ಹೊಸ ಗೋಧಿಯ ಹಿಟ್ಟಿನಿಂದ ಮಾಡಿದ ಎರಡು ರೊಟ್ಟಿಗಳನ್ನು ದೇವರಿಗೆ ಅರ್ಪಿಸಬೇಕೆಂದು ಯಾಜಕಕಾಂಡದ 23ನೇ ಅಧ್ಯಾಯ ವಿಧಿಸುತ್ತದೆ. ನಮ್ಮ ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಳ ಜನನದ ಹಬ್ಬದ ದಿನ, ತೆನೆಹಬ್ಬವನ್ನು ಆಚರಿಸುವವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಹೊಸ ಭತ್ತದ ತೆನೆಯನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಂಡೊಯ್ಯುತ್ತಾರೆ. ಆ ಹೊಸ ಕಾಳನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸವಿಯುತ್ತಾರೆ. ದೇವರಿಗೆ ಅರ್ಪಿಸಿದ್ದು ಎಲ್ಲರ ಬಾಯಿಗೂ ಬರುತ್ತದೆ.

ಫಲವನ್ನು ಅರ್ಪಿಸುವ ಆ ದಿನದಂದೇ ದೇವರು ತಮ್ಮ ವರದಾನಗಳನ್ನು ಸುರಿಸಿದರು. ಬೆಂಕಿಯ ನಾಲಿಗೆಗಳು ಹಂಚಿಕೊಂಡು ಒಬ್ಬೊಬ್ಬರ ಮೇಲೂ ನೆಲೆಸಿದವು ಎಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತದೆ. ಅಲ್ಲಿದ್ದ ಯಾರೊಬ್ಬರನ್ನೂ ಪವಿತ್ರಾತ್ಮರು ಬಿಟ್ಟುಹೋಗಲಿಲ್ಲ. ಹಾಗಾದರೆ ನಮಗೆ ಸಿಕ್ಕ ವರದಾನ ಯಾವುದು? ಅದನ್ನು ನಾವು ಅರ್ಪಿಸಿದ್ದೇವೆಯೇ?

ಒಂದು ಅನುಭವ

ಹಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಪೆಂತೆಕೋಸ್ತ್ ಭಾನುವಾರ ಎಲ್ಲರಿಗೂ ಒಂದು ಕಾಗದ ಹಂಚಿದೆ. 'ನಿಮ್ಮ ಪ್ರತಿಭೆಯನ್ನು ಪ್ರಭುವಿಗೆ ಅರ್ಪಿಸಿ' ಎಂದು ಅದರ ಮೇಲೆ ಬರೆದಿತ್ತು. ಕೆಳಗೆ ಐದು ಸಾಲುಗಳು: ಗಾನವೃಂದ, ವಾಚನ, ದೇವಾಲಯದ ಅಲಂಕಾರ, ಧರ್ಮೋಪದೇಶ, ಯುವಜನ ಸಂಘ. ಪೂಜೆ ಮುಗಿದ ಮೇಲೆ ವಯಸ್ಸಾದ ಒಬ್ಬ ವಿಧವೆ ಆ ಕಾಗದವನ್ನು ಹಾಗೇ ತಂದು ನನ್ನ ಕೈಗಿತ್ತರು.

"ನಂಗೆ ಓದು ಬರಹ ಬರಲ್ಲ ಸ್ವಾಮಿ. ಹಾಡೋಕೆ ಗಂಟಲೂ ಇಲ್ಲ. ಇದ್ರಲ್ಲಿ ನಂದೇನೂ ಇಲ್ಲ ಬಿಡಿ" ಎಂದರು.

"ಪರವಾಗಿಲ್ಲ ಅಜ್ಜಿ, ನಮಗೋಸ್ಕರ ಪ್ರಾರ್ಥನೆ ಮಾಡಿ" ಎಂದು ಹೇಳಿ ಕಳುಹಿಸಿದೆ.

ಎರಡು ವರ್ಷಗಳ ನಂತರ ಆ ಅಜ್ಜಿ ತೀರಿಕೊಂಡರು. ನಾನು ಮನೆಗೆ ಹೋದಾಗ ಹೆಂಗಸರು ಬಾಗಿಲಲ್ಲೇ ಗುಂಪಾಗಿ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವಿಷಯ ಏನೆಂದು ಕೇಳಿದಾಗ ತಿಳಿಯಿತು: ಊರಿನಲ್ಲಿ ಯಾವ ಮನೆಯಲ್ಲಿ ಹೆಂಗಸರು ಸತ್ತರೂ ಮೈತೊಳೆದು, ಬಟ್ಟೆ ಉಡಿಸಿ, ಕೈಗೆ ಜಪಸರ ಇಟ್ಟು, ರಾತ್ರಿಯೆಲ್ಲ ಮನೆಯವರ ಜೊತೆ ಕೂರುತ್ತಿದ್ದವರು ಆ ಅಜ್ಜಿಯೇ. ಬಂಧುಬಳಗ ಇಲ್ಲದವರಿಗೂ, ಮುಟ್ಟಲು ಬೇರೆಯವರು ಹಿಂಜರಿಯುತ್ತಿದ್ದ ರೋಗಿಗಳಿಗೂ ಅವರೇ ಮಾಡುತ್ತಿದ್ದರು. ಯಾರ ಸಾವಿಗೂ ಅವರು ಬರುತ್ತಿದ್ದರು. ಈಗ ಅವರ ಸಾವಿಗೆ ಹಾಗೆ ಬರುವವರು ಯಾರೂ ಇರಲಿಲ್ಲ. ಬಹಳ ಹೊತ್ತಿನ ನಂತರ ಒಬ್ಬ ಸೊಸೆ, "ಅಜ್ಜಿ ಮಾಡ್ತಿದ್ದದ್ದನ್ನ ನಾನು ಒಂದ್ಸಲ ನೋಡಿದ್ದೆ" ಎಂದು ಅಂಜುತ್ತಲೇ ಒಳಗೆ ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸತ್ತವರಿಗೆ ಸದ್ಗತಿ ಕಾಣಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದು ಎಂದು ಮಕ್ಕಳಿಗೆ ನಾನೇ ಧರ್ಮೋಪದೇಶದಲ್ಲಿ ಕಲಿಸುತ್ತಿದ್ದೆ. ಅದನ್ನು ಜೀವಮಾನವಿಡೀ ಮಾಡಿದವರು ನನ್ನ ಮುಂದೆ ಬಂದು ತಮ್ಮಲ್ಲಿ ಏನೂ ಇಲ್ಲ ಎಂದಾಗ, ನಾನು ಒಪ್ಪಿಕೊಂಡು ಕಳುಹಿಸಿದ್ದೆ. ಕಾಗದದಲ್ಲಿ ಅವರ ವರದಾನಕ್ಕೆ ಸಾಲು ಇರಲಿಲ್ಲ. ಆ ಸಾಲುಗಳನ್ನು ಬರೆದವನು ನಾನೇ.

ಬೈಬಲ್ ಯಾವುದನ್ನು ವರದಾನ ಎನ್ನುತ್ತದೆ?

ಹಾಡುವುದು, ಮಾತನಾಡುವುದು, ವೇದಿಕೆಯ ಮೇಲೆ ಕಾಣಿಸಿಕೊಳ್ಳುವುದು ಮಾತ್ರ ಪ್ರತಿಭೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪವಿತ್ರ ಗ್ರಂಥದ ದೃಷ್ಟಿ ಬೇರೆ. ವಿಮೋಚನಾಕಾಂಡದ 31ನೇ ಅಧ್ಯಾಯದಲ್ಲಿ ದೇವರು ತಮ್ಮ ಆತ್ಮದಿಂದ ತುಂಬಿಸಿದೆನೆಂದು ಹೇಳುವುದು ಒಬ್ಬ ಪ್ರವಾದಿಯ ಬಗ್ಗೆಯೂ ಅಲ್ಲ, ಯಾಜಕನ ಬಗ್ಗೆಯೂ ಅಲ್ಲ. ಬೆಚಲೇಲನೆಂಬ ಕುಶಲಕರ್ಮಿಯ ಬಗ್ಗೆ. ಚಿನ್ನ ಬೆಳ್ಳಿ ಕೆತ್ತುವುದು, ಮರಗೆಲಸ, ಕಲ್ಲುಗೆಲಸ, ಇವೆಲ್ಲ ಅವನಿಗೆ ದೇವರ ಆತ್ಮದಿಂದ ಬಂದ ಜಾಣ್ಮೆ. 35ನೇ ಅಧ್ಯಾಯದಲ್ಲಿ ಮೇಕೆಯ ಕೂದಲನ್ನು ನೂತ ಹೆಂಗಸರೂ ಬರುತ್ತಾರೆ. ಅದೇ ಅಧ್ಯಾಯ ಇನ್ನೊಂದು ಮಾತು ಸೇರಿಸುತ್ತದೆ: ಬೆಚಲೇಲನಿಗೂ ಅವನ ಜೊತೆಗಾರ ಒಹೊಲೀಯಾಬನಿಗೂ ಇತರರಿಗೆ ಕಲಿಸುವ ಸಾಮರ್ಥ್ಯವನ್ನೂ ದೇವರು ಕೊಟ್ಟರು. ವರದಾನವೆಂದರೆ ಕೆಲಸ ಮಾಡುವುದಷ್ಟೇ ಅಲ್ಲ, ಮುಂದಿನವರ ಕೈಗೆ ಅದನ್ನು ದಾಟಿಸುವುದೂ ಹೌದು.

ಪೆಂತೆಕೋಸ್ತ್ ಹಬ್ಬದ ಎರಡನೆಯ ವಾಚನ ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 12ನೇ ಅಧ್ಯಾಯದಿಂದ ಬರುತ್ತದೆ. ವರದಾನಗಳು ಬೇರೆಬೇರೆ, ಕೊಡುವ ಆತ್ಮರು ಒಬ್ಬರೇ. ಪ್ರತಿಯೊಬ್ಬರಿಗೂ ಕೊಟ್ಟಿರುವುದು ಎಲ್ಲರ ಹಿತಕ್ಕಾಗಿ. ಇದು ಪೌಲರ ವಾದ. ಅದೇ ಅಧ್ಯಾಯದ ಕೊನೆಯಲ್ಲಿ ಅವರು ಪ್ರೇಷಿತರು, ಪ್ರವಾದಿಗಳು, ಬೋಧಕರನ್ನು ಹೆಸರಿಸಿ, ಅದೇ ಸಾಲಿನಲ್ಲಿ ನೆರವಾಗುವವರನ್ನೂ ಆಡಳಿತ ನೋಡಿಕೊಳ್ಳುವವರನ್ನೂ ಸೇರಿಸುತ್ತಾರೆ. ಪಾತ್ರೆ ತೊಳೆಯುವವರು, ಲೆಕ್ಕ ಬರೆಯುವವರು ಪೌಲರ ಪಟ್ಟಿಯಿಂದ ಹೊರಗಿಲ್ಲ.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದ ತಬಿಥಾಳನ್ನೂ ನೆನೆಯೋಣ. ಆಕೆ ಯೊಪ್ಪ ಊರಿನವಳು. ಬಡ ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದಳು. ಆಕೆ ಸತ್ತಾಗ ವಿಧವೆಯರು ಅಳುತ್ತಾ ಆ ಅಂಗಿಗಳನ್ನು ಪೇತ್ರರಿಗೆ ತೋರಿಸಿದರು. ಆಕೆ ಬೋಧಿಸಿದ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ಆಕೆಯ ಹೊಲಿಗೆಯೇ ಆಕೆಯ ಸಾಕ್ಷ್ಯ.

ತಲಾಂತನ್ನು ಹೂತಿಟ್ಟವನು

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಸಾಮತಿ ನಮಗೆ ಚಿರಪರಿಚಿತ. ಒಡೆಯನು ಒಬ್ಬನಿಗೆ ಐದು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತು ಕೊಟ್ಟು ಪ್ರಯಾಣ ಹೋದನು. ಒಂದು ತಲಾಂತು ಎಂದರೆ ಏನೋ ಚಿಲ್ಲರೆ ಕಾಸು ಎಂದು ನಾವು ಭಾವಿಸುತ್ತೇವೆ. ಅದು ಸುಮಾರು 6,000 ದೆನಾರಿಗಳ ಮೊತ್ತ. ಆ ಕಾಲದ ಕೂಲಿಯಾಳಿನ ಒಂದು ದಿನದ ಸಂಬಳ ಒಂದು ದೆನಾರಿ. ಅಂದರೆ ಒಂದೇ ತಲಾಂತು ಪಡೆದವನ ಕೈಯಲ್ಲೂ ಸುಮಾರು 20 ವರ್ಷದ ದುಡಿಮೆಯ ಹಣ ಇತ್ತು! ಒಡೆಯನು ಯಾರಿಗೂ ಸ್ವಲ್ಪ ಕೊಡಲಿಲ್ಲ. ಪಕ್ಕದವನ ಐದನ್ನು ನೋಡಿದಾಗ ಮಾತ್ರ ಒಂದು ಸ್ವಲ್ಪವಾಗಿ ಕಾಣುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ಆ ಸೇವಕ ಹಣವನ್ನು ಕುಡಿದು ಹಾಳುಮಾಡಲಿಲ್ಲ, ಕದಿಯಲಿಲ್ಲ. ಜಾಗ್ರತೆಯಾಗಿ ನೆಲದಲ್ಲಿ ಹೂತಿಟ್ಟನು. ಆ ಕಾಲದಲ್ಲಿ ಅದು ಹಣ ಕಾಪಾಡುವ ಸುರಕ್ಷಿತ ವಿಧಾನವೇ ಆಗಿತ್ತು. 'ನನಗೆ ಭಯವಾಯಿತು' ಎಂಬುದು ಅವನು ಕೊಟ್ಟ ಕಾರಣ. ಅವನ ಪಾಪ ದುಂದು ಅಲ್ಲ, ಭಯ.

ನಮ್ಮ ನಡುವೆಯೂ ವರದಾನಗಳು ಹೀಗೆಯೇ ಮಣ್ಣಿನ ಅಡಿ ಸೇರುತ್ತವೆ. ಕೆಲವರದು ಹೋಲಿಕೆಯಿಂದ: 'ಅವರಷ್ಟು ಚೆನ್ನಾಗಿ ನನಗೆ ಬರುವುದಿಲ್ಲ.' ಕೆಲವರದು ಹೆದರಿಕೆಯಿಂದ: 'ಮುಂದೆ ಬಂದರೆ ಜನ ಆಡಿಕೊಳ್ಳುತ್ತಾರೆ.' ಇನ್ನು ಕೆಲವರ ತಲಾಂತನ್ನು ನಾವೇ, ಅಂದರೆ ಗುರುಗಳು, ಪಾಲನಾ ಪರಿಷತ್ತಿನವರು, ಸಂಘಗಳ ಹಿರಿಯರು, ಹೂತಿಡುತ್ತೇವೆ. ಪ್ರತಿ ಹಬ್ಬಕ್ಕೂ ಅದೇ ಐದು ಜನರನ್ನು ಕರೆಯುತ್ತೇವೆ. ಉಳಿದವರನ್ನು ಕೇಳುವುದೇ ಇಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ಶ್ರೀಸಾಮಾನ್ಯರ ಪ್ರೇಷಿತ ಕಾರ್ಯದ ಬಗೆಗಿನ ಕಟ್ಟಳೆಯಲ್ಲಿ ಈ ಕುರಿತು ಸ್ಪಷ್ಟವಾಗಿ ಹೇಳಿದೆ. ಎಷ್ಟೇ ಸರಳವಾದ ವರದಾನವಾದರೂ, ಅದನ್ನು ಧರ್ಮಸಭೆಯಲ್ಲೂ ಲೋಕದಲ್ಲೂ ಬಳಸುವುದು ಪಡೆದವರ ಹಕ್ಕೂ ಹೌದು, ಕರ್ತವ್ಯವೂ ಹೌದು. ಅದನ್ನು ಪರಿಶೀಲಿಸುವುದು ಪಾಲಕರ ಹೊಣೆ; ನಂದಿಸುವ ಅಧಿಕಾರ ಅವರಿಗಿಲ್ಲ.

ನಮ್ಮ ನಾಡಿನ ಇಬ್ಬರು

ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡಿದವರು ಅದರ ಗೋಡೆ, ಛಾವಣಿಗಳ ವರ್ಣಚಿತ್ರಗಳನ್ನು ಮರೆಯಲಾರರು. ಅವನ್ನು ಬಿಡಿಸಿದವರು ಇಟಲಿಯ ಬೆರ್ಗಾಮೊ ಪ್ರಾಂತ್ಯದಲ್ಲಿ 1854ರಲ್ಲಿ ಹುಟ್ಟಿದ ಅಂತೋನಿಯೊ ಮೊಸ್ಕೆನಿ. ಅವರು ಯೇಸುಸಭೆಯ ಗುರುವಲ್ಲ, ಸಹೋದರ. ಪೂಜೆ ಅರ್ಪಿಸುವ, ಪ್ರಬೋಧನೆ ಮಾಡುವ ಸೇವೆ ಅವರದಾಗಿರಲಿಲ್ಲ. ಆದರೆ 19ನೇ ಶತಮಾನದ ಕೊನೆಯಲ್ಲಿ ಅವರ ಕುಂಚ ಆರಂಭಿಸಿದ ಪ್ರಬೋಧನೆ ಇಂದಿಗೂ ನಿಂತಿಲ್ಲ. ಓದು ಬಾರದವರಿಗೂ ಅದು ಅರ್ಥವಾಗುತ್ತದೆ.

ಇನ್ನೊಬ್ಬರು ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್. ಮಂಗಳೂರಿನ ಕಾಲೇಜಿನಲ್ಲಿ ಅವರು ಬೋಧಿಸುತ್ತಿದ್ದರು. ಅದರ ಜೊತೆಗೆ ಅವರಿಗೆ ಹೋಮಿಯೋಪಥಿ ಔಷಧದ ತಿಳಿವಳಿಕೆ ಇತ್ತು. 'ಅದು ನನ್ನ ಕೆಲಸವಲ್ಲ' ಎಂದು ಅವರು ಸುಮ್ಮನಿರಬಹುದಿತ್ತು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಇಂದು ಅಲ್ಲಿರುವ ದೊಡ್ಡ ಆಸ್ಪತ್ರೆ ಬೆಳೆದದ್ದು ಆ ಸಣ್ಣ ಔಷಧಾಲಯದಿಂದ. ತಮಗೆ ವಹಿಸಿದ ಕೆಲಸದ ಪಕ್ಕದಲ್ಲೇ ಅವರ ವರದಾನ ಇತ್ತು.

ನಮ್ಮ ವರದಾನವನ್ನು ಗುರುತಿಸುವುದು ಹೇಗೆ?

ಮೊದಲನೆಯದಾಗಿ, ಜನರು ನಿಮ್ಮ ಬಳಿ ಯಾವುದಕ್ಕಾಗಿ ಬರುತ್ತಾರೆ ಎಂದು ನೋಡಿ. ಜಗಳವಾದಾಗ ಕರೆಯುತ್ತಾರೆಯೇ? ಮದುವೆಯ ಅಡಿಗೆಗೆ, ಅರ್ಜಿ ಬರೆಸಲು, ಕೆಟ್ಟ ಮೋಟರು ನೋಡಲು ಕರೆಯುತ್ತಾರೆಯೇ? ನಮ್ಮ ವರದಾನ ನಮಗಿಂತ ಮೊದಲು ನೆರೆಯವರ ಕಣ್ಣಿಗೆ ಬಿದ್ದಿರುತ್ತದೆ.

ಎರಡನೆಯದಾಗಿ, ಯಾರ ಕಷ್ಟ ನಿಮ್ಮ ಮನಸ್ಸನ್ನು ಬಿಡದೆ ಕಾಡುತ್ತದೆ ಎಂದು ಕೇಳಿಕೊಳ್ಳಿ. ಶಾಲೆ ಬಿಟ್ಟ ಮಗುವೇ, ಒಂಟಿ ಮುದುಕರೇ, ಕುಡಿತಕ್ಕೆ ಬಿದ್ದ ಮನೆಯೇ? ಅಲ್ಲಿಯೇ ನಿಮ್ಮ ಸೇವೆಯ ಬಾಗಿಲು ಇರಬಹುದು.

ಮೂರನೆಯದಾಗಿ, ನಿಮ್ಮ ಸೇವೆಯ ಫಲ ಯಾರಿಗೆ ಸಲ್ಲುತ್ತಿದೆ ಎಂದು ಪರೀಕ್ಷಿಸಿ. ನನ್ನ ಹಾಡಿಗೆ ಮೆಚ್ಚುಗೆ ಬರದಿದ್ದರೆ ನಾನು ಗಾನವೃಂದ ಬಿಡುತ್ತೇನೆ ಎಂದಾದರೆ, ಅದನ್ನು ನಾನು ಇನ್ನೂ ಅರ್ಪಿಸಿಲ್ಲ. ಅರ್ಪಿಸಿದ್ದು ನನ್ನದಲ್ಲ. ಹಾಗೆಯೇ ಮನೆಯ ಮಕ್ಕಳನ್ನು, ವಯಸ್ಸಾದ ತಂದೆತಾಯಿಯನ್ನು ಕಡೆಗಣಿಸಿ ದೇವಾಲಯದಲ್ಲಿ ಓಡಾಡುವುದೂ ಸೇವೆಯಾಗದು.

ನಾಲ್ಕನೆಯದಾಗಿ, ಬೆಚಲೇಲನಂತೆ ಇನ್ನೊಬ್ಬರಿಗೆ ಕಲಿಸಿ. ಇಪ್ಪತ್ತು ವರ್ಷ ಒಬ್ಬರೇ ಗಂಟೆ ಬಾರಿಸಿದರೆ, ಒಬ್ಬರೇ ಲೆಕ್ಕ ಬರೆದರೆ, ಅದು ನಿಷ್ಠೆಯಾಗಿ ಕಾಣುತ್ತದೆ. ಆದರೆ ಪಕ್ಕದಲ್ಲಿ ಒಬ್ಬ ಯುವಕನನ್ನೋ ಯುವತಿಯನ್ನೋ ಕೂರಿಸಿಕೊಂಡು ಕಲಿಸದಿದ್ದರೆ ಆ ವರದಾನವೂ ನಮ್ಮ ಜೊತೆ ಸಮಾಧಿ ಸೇರುತ್ತದೆ. ಅಜ್ಜಿಯ ವಿಷಯದಲ್ಲಿ ಹೀಗಾಗಲು ಅವರು ಕಾರಣರಲ್ಲ. ಕಲಿಯಲು ಯಾರನ್ನೂ ನಾವು ಕಳುಹಿಸಿರಲಿಲ್ಲ.

ಹಾಸಿಗೆ ಹಿಡಿದವರು, ವಯಸ್ಸಾದವರು 'ಇನ್ನು ನನ್ನಿಂದೇನು?' ಎಂದು ನೊಂದುಕೊಳ್ಳಬೇಡಿ. ನಿಮ್ಮ ತಾಳ್ಮೆ, ನಿಮ್ಮ ನೋವಿನ ಅರ್ಪಣೆ, ಮೊಮ್ಮಕ್ಕಳಿಗೆ ಹೇಳಿಕೊಡುವ ಒಂದು ಪ್ರಾರ್ಥನೆ, ಇವೂ ಪವಿತ್ರಾತ್ಮರ ಕೊಡುಗೆಗಳೇ. ಅಂದು ಅಜ್ಜಿಗೆ ನಾನು 'ಪ್ರಾರ್ಥನೆ ಮಾಡಿ' ಎಂದದ್ದು ಅವರನ್ನು ಸಾಗಹಾಕಲು. ಪ್ರಾರ್ಥನೆಯನ್ನು ಹಾಗೆ ಬಳಸಿದ್ದಕ್ಕೂ ನಾನು ಪ್ರಭುವಿನ ಕ್ಷಮೆ ಬೇಡಿದ್ದೇನೆ.

ಖಾಲಿ ಸಾಲು

ಮರುವರ್ಷದ ಪೆಂತೆಕೋಸ್ತ್ ಹಬ್ಬಕ್ಕೆ ಕಾಗದದಲ್ಲಿ ಸಾಲುಗಳನ್ನೇ ಬರೆಯಲಿಲ್ಲ. ಓದಲು ಬಾರದವರ ಮನೆಗಳಿಗೆ ನಾನೇ ಹೋಗಿ ಕೇಳಿದೆ. ಒಬ್ಬ ಆಟೋ ಚಾಲಕ, ನಡೆಯಲಾಗದ ಇಬ್ಬರನ್ನು ಭಾನುವಾರದ ಪೂಜೆಗೆ ಕರೆತರುತ್ತೇನೆ ಎಂದರು. ನಿವೃತ್ತರಾದ ಒಬ್ಬರು ಪಿಂಚಣಿ ಅರ್ಜಿ ತುಂಬಿಕೊಡಲು ಒಪ್ಪಿದರು. ಅಜ್ಜಿಯ ಮನೆಯೊಳಗೆ ಅಂದು ಅಂಜುತ್ತಾ ಹೋದ ಆ ಸೊಸೆ, "ಸಾವಿನ ಮನೆಗೆ ನಾನು ಹೋಗ್ತೀನಿ ಸ್ವಾಮಿ. ಜೊತೆಗೆ ಇನ್ನಿಬ್ಬರನ್ನ ಕಳ್ಸಿ, ಅವ್ರೂ ಕಲೀಲಿ" ಎಂದಳು.

ಬಲಿಪೂಜೆಯಲ್ಲಿ ನಾವು ಗೋಧಿಯನ್ನು ಹಾಗೇ ಅರ್ಪಿಸುವುದಿಲ್ಲ, ರೊಟ್ಟಿಯನ್ನು ಅರ್ಪಿಸುತ್ತೇವೆ. ದ್ರಾಕ್ಷಿಯನ್ನಲ್ಲ, ರಸವನ್ನು ಅರ್ಪಿಸುತ್ತೇವೆ. ಬಿತ್ತಿದವರ, ಬೀಸಿದವರ, ಸುಟ್ಟವರ ಕೈಚಳಕ ಆ ಕಾಣಿಕೆಯಲ್ಲಿ ಸೇರಿದೆ. ಅದನ್ನೇ ಪ್ರಭು ಸ್ವೀಕರಿಸಿ, ತಮ್ಮ ಶರೀರ ರಕ್ತವನ್ನಾಗಿ ನಮಗೆ ಮರಳಿ ಕೊಡುತ್ತಾರೆ. ಈ ಹಬ್ಬದ ಪೂಜೆಯಲ್ಲಿ ಕಾಣಿಕೆಗಳನ್ನು ಪೀಠದ ಬಳಿಗೆ ತರುವಾಗ, ನಿಮ್ಮ ಕೈಗಳಿಗೆ ಬಲ್ಲ ಒಂದು ಕೆಲಸವನ್ನು ಮನಸ್ಸಿನಲ್ಲಿ ಹೆಸರಿಟ್ಟು ಅದರ ಜೊತೆಗೆ ಇಡಿ. ಪೂಜೆ ಮುಗಿದ ಮೇಲೆ ನಿಮ್ಮ ಗುರುಗಳ ಬಳಿ ಹೋಗಿ ಅದನ್ನು ಹೇಳಿ. ಅವರು ಕೇಳದಿದ್ದರೂ ಹೇಳಿ.

ಒಬ್ಬೊಬ್ಬರ ಮೇಲೂ ನೆಲೆಸಿದ ಪವಿತ್ರಾತ್ಮರು ನಮ್ಮ ಭಯವನ್ನು ನೀಗಿಸಿ, ಹೂತಿಟ್ಟದ್ದನ್ನು ಅಗೆದು ತೆಗೆಯುವ ಧೈರ್ಯವನ್ನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.