ಪೇಟೆಗೆ ಕಳಿಸಿ ಕಲಿಸುವ ಉಜಿರೆಯ ರುಡ್‌ಸೆಟ್

ತರಗತಿಯ ಒಂದು ತುದಿಯಲ್ಲಿ ಮೊಳದುದ್ದದ ಗೂಟವೊಂದು ನಿಂತಿರುತ್ತದೆ. ಅದರಿಂದ ಹಿಂದಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು. ಕೈಯಲ್ಲಿ ಕೆಲವು ರಿಂಗುಗಳು. ಎಸೆಯುವವರು ಯಾವ ಗೆರೆಯ ಮೇಲೆ ಬೇಕಾದರೂ ನಿಲ್ಲಬಹುದು. ದೂರ ನಿಂತಷ್ಟೂ ಅಂಕ ಹೆಚ್ಚು, ರಿಂಗು ಗೂಟಕ್ಕೆ ಬೀಳುವ ಭರವಸೆ ಕಡಿಮೆ. ಎಸೆಯುವ ಮೊದಲು ತಾನು ಎಷ್ಟು ಅಂಕ ಗಳಿಸುತ್ತೇನೆ ಎಂದು ಪ್ರತಿಯೊಬ್ಬರೂ ಹೇಳಬೇಕು.

ಮೊದಲ ಸುತ್ತಿನಲ್ಲಿ ಕೆಲವರು ಗೂಟದ ಬುಡದಲ್ಲೇ ನಿಂತು ರಿಂಗನ್ನು ಹಾಗೆಯೇ ತೊಡಿಸಿಬಿಡುತ್ತಾರೆ. ಇನ್ನು ಕೆಲವರು ಗೆಳೆಯರ ಚಪ್ಪಾಳೆಗೆ ಉಬ್ಬಿ ಗೋಡೆಯವರೆಗೂ ಹಿಂದೆ ಸರಿದು ಬೀಸಿ ಎಸೆಯುತ್ತಾರೆ, ಸೊನ್ನೆ ಗಳಿಸುತ್ತಾರೆ. ಎರಡು, ಮೂರನೆಯ ಸುತ್ತಿಗೆ ಬರುವಾಗ ಬಹಳ ಮಂದಿ ನಡುವಿನ ಗೆರೆಗಳಿಗೆ ಬಂದಿರುತ್ತಾರೆ. ಆಟ ಮುಗಿದ ಮೇಲೆ ತರಬೇತುದಾರರು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುವುದು ಒಂದೇ: ಅಲ್ಲಿಯೇ ಯಾಕೆ ನಿಂತಿರಿ? ಪಾಠ ಶುರುವಾಗುವುದು ಆ ಉತ್ತರದಿಂದ.

ಈ ಆಟದ ಹಿಂದೆ ದೊಡ್ಡ ಚರಿತ್ರೆಯಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲ್ಯಾಂಡ್ 1961ರಲ್ಲಿ ‘ದಿ ಅಚೀವಿಂಗ್ ಸೊಸೈಟಿ’ ಎಂಬ ಪುಸ್ತಕ ಬರೆದರು. ಏನನ್ನಾದರೂ ಸಾಧಿಸಬೇಕೆಂಬ ತುಡಿತವಿರುವವರು ತೀರಾ ಸುಲಭವಾದದ್ದನ್ನೂ ಆರಿಸುವುದಿಲ್ಲ, ಅದೃಷ್ಟಕ್ಕೆ ಬಿಟ್ಟದ್ದನ್ನೂ ಆರಿಸುವುದಿಲ್ಲ. ತಮ್ಮ ಕೈಚಳಕ ಫಲ ಕೊಡುವಷ್ಟು ದೂರವನ್ನು ಹುಡುಕುತ್ತಾರೆ ಎಂಬುದು ಅವರು ಕಂಡುಕೊಂಡ ಮಾತು. ಆ ತುಡಿತವನ್ನು ಕಲಿಸಬಹುದೇ ಎಂದು ನೋಡಲು 1960ರ ದಶಕದ ನಡುವಿನಲ್ಲಿ ಅವರು ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ತಂಡತಂಡವಾಗಿ ಹೈದರಾಬಾದಿಗೆ ಕರೆಸಿ ತರಬೇತಿ ಕೊಡಿಸಿದರು. ತರಬೇತಿ ಪಡೆದವರು ಊರಿಗೆ ಮರಳಿ ಹೊಸ ವ್ಯವಹಾರಗಳಿಗೆ ಕೈಹಾಕಿದ್ದು, ಹೆಚ್ಚು ಬಂಡವಾಳ ತೊಡಗಿಸಿದ್ದು ಕಂಡುಬಂತು. ವ್ಯಾಪಾರ ಜಾತಿಯಿಂದ, ಮನೆತನದಿಂದ ಬರಬೇಕು ಎಂದು ನಂಬಿದ್ದ ನಾಡಿನಲ್ಲಿ ಅದು ಸಣ್ಣ ಸುದ್ದಿಯಲ್ಲ. ಇಂದು ದೇಶದ ಹಳ್ಳಿಹಳ್ಳಿಗಳ ಯುವಕ ಯುವತಿಯರು ರಿಂಗು ಎಸೆಯುತ್ತಿರುವುದು ಆ ಪರಂಪರೆಯಿಂದಲೇ.

ಅವರನ್ನು ಆ ಗೆರೆಗಳ ಮೇಲೆ ನಿಲ್ಲಿಸಿದ ಶ್ರೇಯಸ್ಸಿನ ದೊಡ್ಡ ಪಾಲು ದಕ್ಷಿಣ ಕನ್ನಡದ ಒಂದು ಸಂಸ್ಥೆಗೆ ಸಲ್ಲಬೇಕು. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಜನ ರುಡ್‌ಸೆಟ್ ಎಂದೇ ಕರೆಯುತ್ತಾರೆ. ಕೆಲಸ ಕೊಡಿಸಿ ಎಂದು ಕೇಳಿಕೊಂಡು ಬರುವ ಓದಿದ ಯುವಕರಿಗೆ ಏನು ದಾರಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಯೋಚಿಸಿದ್ದರ ಫಲ ಇದು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟಿನ ಜೊತೆಗೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದವು.

ಈ ಕೆಲಸಕ್ಕೆ ಬ್ಯಾಂಕುಗಳು ಬಂದದ್ದು ಆಕಸ್ಮಿಕವಲ್ಲ. ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದೇ ಕೈಮಗ್ಗದ ನೇಕಾರರ ಕಷ್ಟ ನೋಡಿ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರೂ ಸೇರಿ ಕಟ್ಟಿದ ಬ್ಯಾಂಕು ಅದು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯವೂ ಅವರಿಗಿರಲಿಲ್ಲ, ದುಡಿಮೆ ಬಿಟ್ಟು ಬರುವ ಪುರುಸೊತ್ತೂ ಇರಲಿಲ್ಲ. ಏಜೆಂಟರೇ ದಿನವೂ ಮನೆಬಾಗಿಲಿಗೆ, ಅಂಗಡಿಯ ಗಲ್ಲಾಕ್ಕೆ ಹೋಗಿ ಎತ್ತಿ ತಂದರು. ಅವಕಾಶ ಎಲ್ಲರ ಕಣ್ಣೆದುರೇ ಇತ್ತು. ಉಳಿದ ಬ್ಯಾಂಕುಗಳು ಅದನ್ನು ಚಿಲ್ಲರೆ ಎಂದು ಕಂಡಿದ್ದವು. ಅವಕಾಶ ಗುರುತಿಸುವುದು ಎಂದರೇನು ಎಂದು ನನ್ನನ್ನು ಯಾರಾದರೂ ಕೇಳಿದರೆ ಕರಾವಳಿಯ ಈ ಪಿಗ್ಮಿಯನ್ನೇ ತೋರಿಸುತ್ತೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಇಸ್ರೇಲ್ ಕಿರ್ಜ್ನರ್ 1973ರ ತಮ್ಮ ಪುಸ್ತಕದಲ್ಲಿ ಉದ್ಯಮಿಯ ಮುಖ್ಯ ಗುಣ ಎಂದದ್ದು ಈ ಎಚ್ಚರವನ್ನೇ: ಬೇರೆಯವರು ದಿನವೂ ನೋಡಿ ದಾಟಿಹೋದದ್ದು ಒಬ್ಬನ ಕಣ್ಣಿಗೆ ಬೀಳುವುದು.

ಕಾಲೇಜಿನಲ್ಲಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಈ ಎಚ್ಚರವೇ ಕಷ್ಟ. ಬಿ.ಕಾಂ., ಬಿಬಿಎ ತರಗತಿಗಳಲ್ಲಿ ಉದ್ಯಮಶೀಲತೆ ಒಂದು ವಿಷಯವಾಗಿ ಇರುತ್ತದೆ. ಉದ್ಯಮಿಯ ಗುಣಲಕ್ಷಣಗಳು, ಯೋಜನಾ ವರದಿಯ ಭಾಗಗಳು, ಸಣ್ಣ ಕೈಗಾರಿಕೆಯ ವ್ಯಾಖ್ಯಾನ, ಎಲ್ಲವೂ ಬಾಯಿಪಾಠವಾಗುತ್ತವೆ. ಹದಿನೈದು ವರ್ಷ ಇನ್ನೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಬರೆದವರಿಗೆ ಪ್ರಶ್ನೆಯನ್ನೇ ಹುಡುಕಿಕೊಂಡು ಹೋಗು ಎಂದರೆ ದಿಕ್ಕು ತೋಚುವುದಿಲ್ಲ. ಏನು ಮಾಡುತ್ತೀ ಎಂದು ಕೇಳಿದರೆ ಊರಲ್ಲಿ ಆಗಲೇ ಹತ್ತಾರು ಇರುವ ಅಂಗಡಿಯ ಹೆಸರನ್ನೇ ಹೇಳುತ್ತಾರೆ: ಮೊಬೈಲ್ ಶಾಪ್, ಬ್ಯೂಟಿ ಪಾರ್ಲರ್, ಟೈಲರಿಂಗ್, ಜ್ಯೂಸ್ ಸೆಂಟರ್. ತಪ್ಪು ಅವರದಲ್ಲ. ಕಂಡದ್ದನ್ನೇ ತಾನೇ ಹೇಳಬೇಕು.

ರುಡ್‌ಸೆಟ್ ಇದಕ್ಕೆ ಹುಡುಕಿಕೊಂಡ ಉಪಾಯ ಸರಳ. ತರಬೇತಿ ಪೂರ್ತಿ ಉಚಿತ, ಊಟ ವಸತಿ ಸಹಿತ. ಒಂದೊಂದು ತಂಡದಲ್ಲಿ 25ರಿಂದ 35 ಮಂದಿ. ಕೋರ್ಸಿಗೆ ತಕ್ಕಂತೆ ಒಂದು ವಾರದಿಂದ ಆರು ವಾರ. ಬೆಳಿಗ್ಗೆ ಯೋಗ, ಪ್ರಾರ್ಥನೆ, ಆವರಣ ಗುಡಿಸುವ ಶ್ರಮದಾನ. ಆಮೇಲೆ ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು ಎಂದು ಶಿಬಿರಾರ್ಥಿಗಳೇ ಎದ್ದು ನಿಂತು ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿಯರು ಈ ಹೊತ್ತಿನಲ್ಲೇ ಮಾತು ಕಲಿಯುತ್ತಾರೆ. ಮುಂದೆ ಬ್ಯಾಂಕ್ ಮ್ಯಾನೇಜರರ ಎದುರು ಕುಳಿತಾಗ ಬೇಕಾಗುವುದು ಇದೇ. ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಇನ್ನೊಂದು ಆಟವೂ ಇದೆ. ಪಕ್ಕದಲ್ಲಿ ನಿಂತವರ ಮಾತು ಎಷ್ಟು ಎತ್ತಬಲ್ಲದು, ಎಷ್ಟು ಕೆಡಿಸಬಲ್ಲದು ಎಂದು ಅದರಲ್ಲಿ ತಿಳಿಯುತ್ತದೆ. ಇದೆಲ್ಲದರ ನಡುವೆ ಹೊಲಿಗೆ, ಮೋಟರ್ ರಿವೈಂಡಿಂಗ್, ಹೈನುಗಾರಿಕೆ, ಅಣಬೆ, ಜೇನು, ಫೋಟೋಗ್ರಫಿ, ಹೀಗೆ ಆರಿಸಿಕೊಂಡ ಕಸುಬಿನ ಕೈಕೆಲಸ.

ನನ್ನ ಮಟ್ಟಿಗೆ ಇಡೀ ತರಬೇತಿಯ ಜೀವ ಇರುವುದು ಮಾರುಕಟ್ಟೆ ಸಮೀಕ್ಷೆಯ ದಿನದಲ್ಲಿ. ಅಂದು ತರಗತಿ ಇಲ್ಲ. ಶಿಬಿರಾರ್ಥಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಪೇಟೆಗೆ ಬಿಡುತ್ತಾರೆ. ಗಿರಾಕಿ ಯಾರು, ಎಷ್ಟು ಕೊಡುತ್ತಾರೆ, ಸರಕು ಎಲ್ಲಿಂದ ಬರುತ್ತದೆ, ಅದೇ ಕಸುಬಿನ ಬೇರೆಯವರು ಏನು ಮಾಡುತ್ತಿದ್ದಾರೆ, ಅವರಿಗೆ ಯಾವುದು ಆಗುತ್ತಿಲ್ಲ, ಎಲ್ಲ ಕೇಳಿಕೊಂಡು ಬರಬೇಕು.

ಬಿ.ಕಾಂ. ಮುಗಿಸಿ ಹೊಲಿಗೆ ಕಲಿಯಲು ಬಂದ ಹುಡುಗಿಯೊಬ್ಬಳು ಬೆಳ್ತಂಗಡಿ ಪೇಟೆಗೆ ಹೊರಟಳು ಎಂದಿಟ್ಟುಕೊಳ್ಳೋಣ. ಮೊದಲ ಮನೆಯಲ್ಲಿ ಅವಳು ಕೇಳುವುದು, “ನಾನು ಟೈಲರಿಂಗ್ ಅಂಗಡಿ ಹಾಕಿದರೆ ಬರ್ತೀರಾ ಅಕ್ಕಾ?” ಅಕ್ಕ “ಖಂಡಿತ ಬರ್ತೇವೆ” ಅನ್ನುತ್ತಾರೆ. ಎರಡನೆಯ ಮನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಎದುರಿಗೆ ಬಂದು ನಿಂತ ಮಗುವಿನ ಮುಖ ನೋಡಿ ಬರುವುದಿಲ್ಲ ಎನ್ನುವವರು ಯಾರು? ಆ ಉತ್ತರದಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅದನ್ನೇ ತಿರುಗಿಸಿ, “ಕಳೆದ ಮೂರು ತಿಂಗಳಲ್ಲಿ ಏನೇನು ಹೊಲಿಸಿದಿರಿ? ಎಲ್ಲಿ ಕೊಟ್ಟಿರಿ? ಎಷ್ಟು ದಿನಕ್ಕೆ ಸಿಕ್ಕಿತು? ಎಷ್ಟು ಕೊಟ್ಟಿರಿ?” ಎಂದು ಕೇಳಿದರೆ ಬೇರೆಯದೇ ಲೋಕ ತೆರೆಯುತ್ತದೆ. ಜನ ಮುಂದೆ ಮಾಡುತ್ತೇವೆ ಎಂದದ್ದಕ್ಕಿಂತ ಈಗಾಗಲೇ ಮಾಡಿದ್ದು ಗಟ್ಟಿ ಸಾಕ್ಷಿ.

ಸೀರೆ ಅಂಗಡಿಯಲ್ಲಿ ಅವಳಿಗೆ ಇನ್ನೊಂದು ಸಂಗತಿ ಸಿಗುತ್ತದೆ. ಫಾಲ್ಸ್, ಜಿಗ್‌ಜಾಗ್ ಇಲ್ಲೇ ಆಗುತ್ತದೆ. ಸೆರಗಿಗೆ ಕುಚ್ಚು ಕಟ್ಟುವುದಕ್ಕೆ? “ಇಲ್ಲಿ ಯಾರಿದ್ದಾರೆ ಮಾರಾಯ್ತಿ, ಮಂಗಳೂರಿಗೆ ಕಳಿಸುವುದು. ಮದುವೆ ಸೀಸನ್‌ನಲ್ಲಿ ಹೇಳಿದ ದಿನಕ್ಕೆ ಬರುವುದೇ ಇಲ್ಲ.” ಹೊಲಿಗೆ ಅಂಗಡಿ ಹಾಕಬೇಕೆಂದು ಹೊರಟವಳ ವಹಿಯಲ್ಲಿ ಈಗ ಕುಚ್ಚು ಎಂಬ ಹೊಸ ಸಾಲು.

ಇಲ್ಲಿಗೆ ಖುಷಿಪಟ್ಟು ನಿಂತರೆ ಕೆಲಸ ಅರ್ಧವಾಯಿತು. ಸಂಜೆ ವಾಪಸು ಬಂದು ಲೆಕ್ಕ ಹಾಕಬೇಕು. ಒಂದು ಸೀರೆಯ ಕುಚ್ಚಿಗೆ 300 ರೂಪಾಯಿ ಎಂದುಕೊಂಡರೆ ದಾರ, ಮಣಿಗೆ 50, ಅಂಗಡಿಯವರ ಪಾಲು 50, ಕೈಗೆ ಉಳಿಯುವುದು 200. ಕಲಿತ ಹೊಸತರಲ್ಲಿ ಒಂದು ಸೀರೆಗೆ ನಾಲ್ಕು ಗಂಟೆ. ವಾರಕ್ಕೆ ಐದು ಸೀರೆ ಬಂದರೆ ಸಾವಿರ ರೂಪಾಯಿ. ಮದುವೆಗಳಿಲ್ಲದ ಆಷಾಢದಲ್ಲಿ? ಆಗ ಅದೂ ಇಲ್ಲ. ಇಷ್ಟರಿಂದ ಬಾಡಿಗೆ ಅಂಗಡಿ ಹಿಡಿಯಲಾಗದು ಎಂದು ಕಾಗದದ ಮೇಲೆಯೇ ಕಾಣುತ್ತದೆ. ಹಾಗಾದರೆ ಮನೆಯಲ್ಲೇ ಕುಳಿತು ಮಾಡುವುದು, ರವಿಕೆಯ ಹೊಲಿಗೆ ಜೊತೆಗಿಟ್ಟುಕೊಳ್ಳುವುದು, ಜೂನ್ ತಿಂಗಳಲ್ಲಿ ಶಾಲೆ ಸಮವಸ್ತ್ರದ ಕೆಲಸ ಹಿಡಿಯುವುದು, ಮೂರು ಅಂಗಡಿಗಳೊಂದಿಗೆ ಮೊದಲೇ ಮಾತಾಡಿಕೊಳ್ಳುವುದು, ಹೀಗೆ ಯೋಚನೆ ಬೆಳೆಯುತ್ತದೆ. ಲೆಕ್ಕ ಸರಿಬರದೆ ಯೋಜನೆಯನ್ನೇ ಕೈಬಿಟ್ಟರೂ ಅದು ಆ ದಿನದ ಗಳಿಕೆಯೇ. ಸಾಲ ತೆಗೆದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾದದ್ದು ಒಳ್ಳೆಯದಲ್ಲವೇ?

ಸಾಲದ ಮಾತು ಬಂದದ್ದರಿಂದ ಒಂದೆರಡು ವಿವರ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗಕ್ಕೆ 50,000 ರೂಪಾಯಿವರೆಗೆ, ಕಿಶೋರ್ ವಿಭಾಗಕ್ಕೆ 5 ಲಕ್ಷದವರೆಗೆ ಸಾಲ ಸಿಗುತ್ತದೆ. 2008ರಿಂದ ಇರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹಳ್ಳಿಯ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಗಳಿಗೆ ಶೇ 35ರಷ್ಟು ಸಹಾಯಧನವಿದೆ. ಸಹಾಯಧನ ಇದೆ ಎಂಬ ಕಾರಣಕ್ಕೇ ಉದ್ಯಮ ಆರಿಸಿಕೊಳ್ಳುವ ಚಾಳಿ ನಮ್ಮಲ್ಲಿ ಬಲವಾಗಿದೆ, ಅದು ನನಗೆ ಬೇಸರ ತರಿಸುತ್ತದೆ. ಪೇಟೆ ಸುತ್ತಿ ಬಂದ ಹುಡುಗಿಗೆ ಸಾಲ ಎಷ್ಟು ಬೇಕು ಎನ್ನುವುದು ಗೊತ್ತಿರುತ್ತದೆ. ಎಷ್ಟು ಸಿಗುತ್ತದೆ ಎಂದು ಕೇಳಿಕೊಂಡು ಯೋಜನೆ ಬರೆಯುವವರಿಗೂ ಅವಳಿಗೂ ಬಹಳ ಅಂತರ.

ಉಜಿರೆಯ ಈ ಪ್ರಯೋಗ ಊರಲ್ಲೇ ಉಳಿಯಲಿಲ್ಲ. ಬ್ರಹ್ಮಾವರ, ಧಾರವಾಡ, ಮೈಸೂರು, ಚಿತ್ರದುರ್ಗ ಮುಂತಾದ ಕಡೆ, ಹೊರರಾಜ್ಯಗಳಲ್ಲೂ ಶಾಖೆಗಳು ತೆರೆದವು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳನ್ನು ಬ್ಯಾಂಕುಗಳ ಮೂಲಕ ತೆರೆಯಲು ಮುಂದಾಯಿತು. ಈಗ ದೇಶದಲ್ಲಿ ಅಂಥವು ಆರುನೂರರ ಆಸುಪಾಸು ಇವೆ. ಕರಾವಳಿಯ ಒಂದು ಹಳ್ಳಿಯ ಯೋಚನೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವಾದದ್ದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ. ಉತ್ತರ ಕರ್ನಾಟಕದಲ್ಲಿ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಷನ್ ನೇರವಾಗಿ ಕಾಲೇಜು ವಿದ್ಯಾರ್ಥಿಗಳನ್ನೇ ಹಿಡಿದು, ತಮ್ಮ ಸುತ್ತಲಿನ ಒಂದು ತೊಂದರೆಯನ್ನು ಗುರುತಿಸಿ ಸಣ್ಣ ಪ್ರಾಜೆಕ್ಟ್ ಮಾಡಿಸುವ ‘ಲೀಡ್’ ಕಾರ್ಯಕ್ರಮ ನಡೆಸುತ್ತ ಬಂದಿದೆ. ದಾರಿ ಬೇರೆಯಾದರೂ ಮೊದಲ ಹೆಜ್ಜೆ ಒಂದೇ: ಹೊರಗೆ ಹೋಗಿ ನೋಡು.

ಆದರೂ ಒಂದು ಕೊರತೆ ಹೇಳಲೇಬೇಕು. ಪದವಿ ಓದಿದವರು ಇಂಥ ಸಂಸ್ಥೆಗಳನ್ನು ಶಾಲೆ ಬಿಟ್ಟವರ ಜಾಗ ಎಂದುಕೊಂಡು ದೂರ ಉಳಿಯುತ್ತಾರೆ. ಅಪ್ಪ ಅಮ್ಮನೂ ಅಷ್ಟೇ, ಡಿಗ್ರಿ ಮಾಡಿಸಿದ್ದು ಮೋಟರ್ ಬಿಚ್ಚುವುದಕ್ಕಾ ಎನ್ನುತ್ತಾರೆ. ಅತ್ತ ಕಾಲೇಜುಗಳು ಉದ್ಯಮಶೀಲತೆಗೆ ಸೆಮಿನಾರ್ ಹಾಲ್‌ನಲ್ಲಿ ಒಂದು ಉಪನ್ಯಾಸ ಇಟ್ಟು, ಫೋಟೋ ತೆಗೆಸಿ ಮುಗಿಸುತ್ತವೆ. ಒಂದು ಬಿ.ಕಾಂ. ತರಗತಿಯನ್ನು ಸೆಮಿಸ್ಟರಿಗೆ ಒಂದು ದಿನ ಊರ ಸಂತೆಗೆ ಪ್ರಶ್ನೆ ಹಿಡಿದು ಕಳಿಸಲು ಯಾವ ಅನುದಾನವೂ ಬೇಡ. ಲೆಕ್ಕಶಾಸ್ತ್ರ ಓದಿದ ಹುಡುಗಿ ಲಾಭನಷ್ಟದ ಪಟ್ಟಿಯನ್ನು ಹಾಳೆತಟ್ಟೆ ಮಾಡುವವರ ಜೊತೆ ಕುಳಿತು ಬರೆದರೆ ಅವಳ ಓದಿಗೂ ಬೆಲೆ ಬರುತ್ತದೆ, ಆ ಕಸುಬಿಗೂ ಬರುತ್ತದೆ. ರುಡ್‌ಸೆಟ್‌ನ ಪಠ್ಯದಲ್ಲಿ ಕಾಲೇಜುಗಳು ಎತ್ತಿಕೊಳ್ಳಬಹುದಾದ ಭಾಗ ಯಾವುದಾದರೂ ಇದ್ದರೆ ಅದು ಈ ಸಮೀಕ್ಷೆಯ ದಿನ.

ಇನ್ನೊಂದು ವಿಷಯದಲ್ಲೂ ಈ ಸಂಸ್ಥೆ ಕಾಲೇಜಿಗಿಂತ ಭಿನ್ನ. ತರಬೇತಿ ಮುಗಿದ ದಿನಕ್ಕೆ ಸಂಬಂಧ ಮುಗಿಯುವುದಿಲ್ಲ. ಎರಡು ವರ್ಷ ಶಿಬಿರಾರ್ಥಿಯ ಬೆನ್ನ ಹಿಂದೆ ಇರುತ್ತಾರೆ: ಪತ್ರ, ಫೋನು, ಮನೆಗೆ ಭೇಟಿ, ಬ್ಯಾಂಕಿನಲ್ಲಿ ಅರ್ಜಿ ನಿಂತಿದ್ದರೆ ವಿಚಾರಣೆ, ಹಳೆಯ ಶಿಬಿರಾರ್ಥಿಗಳ ಸಭೆ. ಮೊದಲು ಗುರುತಿಸಿದ ಅವಕಾಶ ಆರು ತಿಂಗಳಲ್ಲಿ ಬಣ್ಣ ಬದಲಿಸುವುದುಂಟು. ಪಕ್ಕದಲ್ಲೇ ಇನ್ನೊಂದು ಅಂಗಡಿ ಏಳಬಹುದು, ಸರಕಿನ ಬೆಲೆ ಏರಬಹುದು. ಆಗ ಮತ್ತೆ ಪೇಟೆಗೆ ಹೋಗಿ ಕೇಳಬೇಕು ಎಂದು ನೆನಪಿಸುವವರು ಒಬ್ಬರಾದರೂ ಬೇಕು.

18 ವರ್ಷ ತುಂಬಿದ ನಿರುದ್ಯೋಗಿ ಯುವಕ ಯುವತಿಯರು ಇಲ್ಲಿಗೆ ಅರ್ಜಿ ಹಾಕಬಹುದು. ಉಜಿರೆಗೇ ಬರಬೇಕೆಂದಿಲ್ಲ, ತಮ್ಮ ಜಿಲ್ಲೆಯ ರುಡ್‌ಸೆಟ್ ಅಥವಾ ಆರ್‌ಸೆಟಿ ಎಲ್ಲಿದೆ ಎಂದು ಹತ್ತಿರದ ಬ್ಯಾಂಕ್ ಶಾಖೆಯಲ್ಲಿ, ಇಲ್ಲವೇ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಯಾವ ಕೋರ್ಸು ಯಾವಾಗ ಶುರುವಾಗುತ್ತದೆ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕೊನೆಯ ವರ್ಷದ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತ ಮನೆಯಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಆ ನಾಲ್ಕಾರು ವಾರ ಇದಕ್ಕೆ ಸರಿಯಾದ ಹೊತ್ತು.